ಅಪ್ಪ ನಾಟಕ ಕಂಪನಿ ಮಾಸ್ತರ. ಈಗ ನನ್ನ ಮನೆಗೆ ಬರ್ತೀನಿ ಅಂತಿದ್ದಾನೆ, ಏನು ಮಾಡಲಿ?

ಚುರುಮುರಿ:
ಅಪ್ಪ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರ. ಅವ್ವ ಪಾತ್ರ ಮಾಡುತ್ತಿದ್ದಳು, ಈಗಿಲ್ಲ. ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತಿರುತ್ತದೆ, ಬನದ ಹುಣ್ಣಿಮೆಗೆ ಸಾಲುಸಾಲು ಕಂಪನಿಗಳು ಬಂದು ಬೀಳುತ್ತವೆ, ರಾತ್ರಿಯೆಲ್ಲ ಆಟ. ನಾನು ಬೆಳೆದದ್ದು ಅಂಥ ಥಿಯೇಟರುಗಳ ಹಿಂದೆ. ಕ್ಯಾಂಪ್ ಬದಲಾದರೆ ಸ್ಕೂಲೂ ಬದಲು. ಕೊನೆಗೆ ಕೊಪ್ಪಳ ಜಿಲ್ಲೆಯ ಒಂದು ಊರಲ್ಲಿ ಖೋಲಿ ಹಿಡಿದು ನನ್ನನ್ನೂ ತಂಗಿಯನ್ನೂ ಬಿಟ್ಟು ಹೋದರು. ನನಗೆ ಒಂಬತ್ತು, ಅವಳಿಗೆ ಆರು.

ವಾರಕ್ಕೊಮ್ಮೆ ಬರ್ತೀವಿ ಅಂದವರು ತಿಂಗಳಾದರೂ ಪತ್ತೆ ಇಲ್ಲ. ಚುರುಮುರಿ ನೀರಲ್ಲಿ ನೆನೆಸಿದರೆ ಜಾಸ್ತಿ ಆದಂಗೆ ಕಾಣ್ತದೆ, ಉಪ್ಪು ಹಾಕಿ ತಿನ್ನುತ್ತಿದ್ದೆವು. 2002ರಲ್ಲಿ ನಮ್ಮ ಕಡೆ ಸ್ಕೂಲಲ್ಲಿ ಬಿಸಿಯೂಟ ಶುರುವಾಯ್ತು, ಆಮೇಲೆ ನಮಗೆ ರವಿವಾರ ಅಂದ್ರೆ ಆಗುತ್ತಿರಲಿಲ್ಲ. ಒಮ್ಮೆ ಅಪ್ಪ ಬಂದವನು ತಂಗಿಯ ಕಿವಿಯ ಓಲೆ ಬಿಚ್ಚಿಕೊಂಡು ಹೋದ, ಹಾರ್ಮೋನಿಯಂ ರಿಪೇರಿಗೆ. ಅವಳು ಅತ್ತಿದ್ದಕ್ಕೆ ಒಂದು ರಂಗಗೀತೆ ಹಾಡಿದ. ಚೆನ್ನಾಗಿ ಹಾಡಿದ, ಅದೇ ಸಿಟ್ಟು.

ಈಗ ಕೈ ನಡುಗುತ್ತದಂತೆ. ಬೆಂಗಳೂರಿಗೆ ಬಂದು ನನ್ನ ಜೊತೆ ಇರ್ತೀನಿ ಅಂತಾನೆ. ಇಲ್ಲ ಅಂದ್ರೆ ತಪ್ಪಾ?

ಬಸವನಬಾಗೇವಾಡಿ ಹುಡುಗ:
ಹೆತ್ತವರು ಹೆಂಗಿದ್ರೂ ಹೆತ್ತವರೇ ರೀ. ಕಲಾವಿದರ ಜೀವನವೇ ಹಂಗೆ, ಅವರೇನು ಕುಡಿದು ಹಾಳು ಮಾಡಿದ್ರಾ? ಕರ್ಕೊಂಡು ಬರ್ರಿ.

ಕಪ್ಪು ಕೋಟು:
ಮೇಲಿನವರಿಗೆ ಹೇಳೋದು ಸುಲಭ. ಕಾನೂನಿನ ಮಾತು ಹೇಳ್ತೀನಿ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದಲೋ ಆಸ್ತಿಯಿಂದಲೋ ಬದುಕಲು ಆಗದ ತಂದೆ ಮಕ್ಕಳಿಂದ ಜೀವನಾಂಶ ಕೇಳಬಹುದು. ಚಿಕ್ಕವರಿದ್ದಾಗ ನಮ್ಮನ್ನು ನೋಡಿಕೊಳ್ಳಲಿಲ್ಲ ಅಂದರೆ ಬಿಟ್ಟುಬಿಡಿ ಅಂತ ಅದರಲ್ಲಿ ಬರೆದಿಲ್ಲ, ಬೇಜಾರಾದರೂ ಅದೇ ನಿಜ. ಆದರೆ ಅದು ತಿಂಗಳ ದುಡ್ಡಿನ ಮಾತು, ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಕು ಅನ್ನೋ ಮಾತಲ್ಲ. ತಂಗಿಗೂ ಅಷ್ಟೇ ಹೊಣೆ. ಇನ್ನೊಂದು, ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಹಳೆ ಹ್ಯಾಂಡ್‌ಬಿಲ್, ಫೋಟೋ ಏನಿದ್ರೂ ಎತ್ತಿಡಿ, ಕಲಾವಿದ ಅಂತ ತೋರಿಸಲು ಬೇಕಾಗುತ್ತದೆ.

ಖಾಲಿ ಡಬ್ಬಿ:
ನಮ್ಮಪ್ಪನದು ಕಲೆಯೂ ಅಲ್ಲ, ಯಾವುದೋ ಸ್ವಾಮಿ ಹಿಂದೆ ಹೋದವರು. ನಾನು ಕರ್ಕೊಂಡು ಬಂದೆ, ಒಳ್ಳೆಯವಳು ಅನ್ನಿಸಿಕೊಳ್ಳೋ ಆಸೆಗೆ. ಎರಡೇ ತಿಂಗಳು. ನನ್ನ ಮಗ ಅನ್ನ ಚೆಲ್ಲಿದಾಗ ಅವರು ನಕ್ಕರು, ಅಷ್ಟಕ್ಕೇ ನಾನು ಮೈಮೇಲೆ ಬಂದವಳ ಹಾಗೆ ಕೂಗಾಡಿದೆ. ಈಗ ಎರಡು ಬೀದಿ ಆಚೆ ರೂಮು ಮಾಡಿ ಕೊಟ್ಟಿದ್ದೀನಿ, ಊಟದ ಡಬ್ಬಿ ಕಳಿಸ್ತೀನಿ. ಯಾರು ಏನಂದ್ರೂ ನನಗೆ ಇದೇ ಸರಿ. ನಿಮ್ಮ ತಂಗಿ ಏನಂತಾರೆ?

ಚುರುಮುರಿ:
ತಂಗಿ ಫೋನೇ ಎತ್ತಲ್ಲ. ಅಪ್ಪ ಅಂದ್ರೆ ಇವತ್ತಿಗೂ ಕಿವಿ ಮುಟ್ಟಿಕೊಳ್ತಾಳೆ.

ರೂಮಿನ ಐಡಿಯಾ ಹಿಡಿಸಿತು, ನಿನ್ನೆ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ, ಅಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸಿದ್ರೆ ಅಕ್ಕಪಕ್ಕದವರು ಬೈತಾರೇನು ಅಂತ.