ಮೈಸೂರು–ಮೇಲುಕೋಟೆ ದಾರಿಗೆ 23ರ ಟೈರ್ ತೆಗೆದು 28 ಹಾಕಬಹುದೇ?

ಭಾನುವಾರದ ಸವಾರ, ಮೈಸೂರು:

ನನ್ನದು 2014ರ ಅಲ್ಯೂಮಿನಿಯಂ ರೋಡ್ ಬೈಕ್. ಕಾರ್ಬನ್ ಫೋರ್ಕ್, ರಿಮ್ ಬ್ರೇಕ್. ಕೊಂಡಾಗ ಬಂದ 700x23 (ಅಂದರೆ 23 ಮಿ.ಮೀ. ಅಗಲ) ಅಳತೆಯ ಟೈರನ್ನೇ ಇಂದಿಗೂ ಹಾಕಿಸುತ್ತಾ ಬಂದಿದ್ದೇನೆ. ನನ್ನ ತೂಕ 78 ಕಿಲೋ. ಸೈಕಲ್, ನೀರು, ಪಂಪು ಎಲ್ಲ ಸೇರಿ ಇನ್ನೊಂದು ಹತ್ತು ಕಿಲೋ. ಭಾನುವಾರ ಬೆಳಗ್ಗೆ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಮೇಲುಕೋಟೆ ಹತ್ತಿ ಬರುವುದು ರೂಢಿ.

2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯೇ ಗತಿ. ನುಣುಪಾದ ಡಾಂಬರು ಬೇಲಿಯ ಆಚೆ ಕಣ್ಣಿಗೆ ಕಾಣುತ್ತಿರುತ್ತದೆ. ನಮ್ಮ ಪಾಲಿಗೆ ಚರಂಡಿ ಚಪ್ಪಡಿಗಳ ಸಂದು, ಅಗೆದು ಮುಚ್ಚಿದ ಪಟ್ಟಿ, ಹೇಳದೆ ಕೇಳದೆ ಎದುರಾಗುವ ಉಬ್ಬು. ಪಾಂಡವಪುರದಿಂದ ಮುಂದೆ ಕಬ್ಬಿನ ಟ್ರ್ಯಾಕ್ಟರ್‌ಗಳು ಉದುರಿಸಿದ ಜಲ್ಲೆಗಳು, ಸುಗ್ಗಿಯ ಕಾಲದಲ್ಲಿ ರಸ್ತೆಗೆ ಅಡ್ಡಲಾಗಿ ಹರವಿದ ಹುರುಳಿ. ಅಂಗೈ ಜೋಮು ಹಿಡಿಯುತ್ತದೆ. ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುವುದು ಮಾಮೂಲಾಗಿದೆ.

ಗಾಳಿ ಮುಂದೆಯೂ ಹಿಂದೆಯೂ 110 ಪಿಎಸ್‌ಐ. ಒಬ್ಬ ಗೆಳೆಯ, 28 ಹಾಕಿದರೆ ಎತ್ತಿನ ಗಾಡಿಯಾಗುತ್ತದೆ ಎನ್ನುತ್ತಾನೆ. ಅಂಗಡಿಯವರು ಈಗ ಎಲ್ಲರೂ 32 ಹಾಕುತ್ತಾರೆ, ನೀವೂ ಹಾಕಿ ಎಂದರು. ಯಾರ ಮಾತು ಕೇಳಲಿ?

ಇಳಿಜಾರು, ಬೆಂಗಳೂರು:

23ರಲ್ಲೇ ಇರಿ. ನಂದಿಬೆಟ್ಟವನ್ನು ವರ್ಷಗಟ್ಟಲೆ 23ರಲ್ಲೇ ಹತ್ತಿದ್ದೇವೆ. ತೂಕ ಕಡಿಮೆ, ಗಾಳಿಗೆ ಅಡ್ಡಿ ಕಡಿಮೆ. ಕೈ ಜೋಮು ಹಿಡಿಯುವುದಕ್ಕೆ ಟೈರ್ ಕಾರಣವಲ್ಲ, ಹ್ಯಾಂಡಲ್ ಹಿಡಿಯುವ ರೀತಿ ಕಾರಣ. ಒಳ್ಳೆಯ ಕೈಗವಸು ಕೊಳ್ಳಿ, ದುಡ್ಡು ಉಳಿಯುತ್ತದೆ.

ಅಳತೆಪಟ್ಟಿ, ಮೈಸೂರು:

ಇಳಿಜಾರು ಅವರೇ, ನಂದಿಯ ರಸ್ತೆ ಬೇರೆ, ಶ್ರೀರಂಗಪಟ್ಟಣದ ಸರ್ವಿಸ್ ರಸ್ತೆ ಬೇರೆ. ಕೈಗವಸಿನ ಮಾತು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ.

ಭಾನುವಾರದ ಸವಾರರೇ, ನಿಮಗೆ ಸಲಹೆ ಕೊಟ್ಟ ಇಬ್ಬರೂ ನಿಮ್ಮ ಸೈಕಲ್ಲನ್ನು ಬಗ್ಗಿ ನೋಡಿದಂತೆ ಕಾಣುವುದಿಲ್ಲ. 32 ಎಂದವರು ಇಂದಿನ ಡಿಸ್ಕ್ ಬ್ರೇಕ್ ಸೈಕಲ್ಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಅವುಗಳಲ್ಲಿ ಟೈರಿನ ನೆತ್ತಿಯ ಮೇಲೆ ಬ್ರೇಕಿನ ಕಮಾನೇ ಇಲ್ಲ, ಜಾಗ ಧಾರಾಳ. ರಸ್ತೆ ಪಂದ್ಯಗಳಲ್ಲಿ ಡಿಸ್ಕ್ ಬ್ರೇಕಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಪೂರ್ತಿ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಒಂದು ಕಾಲಕ್ಕೆ 23 ಬಿಟ್ಟರೆ ಬೇರೆ ಗೊತ್ತಿಲ್ಲದಂತಿದ್ದ ವೃತ್ತಿಪರ ಸವಾರರು ಇಂದು 28, 30 ಹಾಕಿಕೊಂಡು ಟೂರ್ ದ ಫ್ರಾನ್ಸ್ ಓಡಿಸುತ್ತಾರೆ. ಅಗಲವಾದರೆ ನಿಧಾನ ಎನ್ನುವುದು ನಿಜವಾಗಿದ್ದರೆ ಗ್ರಾಂ ಲೆಕ್ಕದಲ್ಲಿ ಬದುಕುವ ಆ ಜನ ಹಾಗೆ ಮಾಡುತ್ತಿರಲಿಲ್ಲ. ಆದರೆ ಅವರ ಫ್ರೇಮು ನಿಮ್ಮಲ್ಲಿಲ್ಲ. ನಿಮ್ಮ ಫ್ರೇಮು ಎಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದೇ ಮೊದಲ ಪ್ರಶ್ನೆ. ಉಳಿದ ವಾದವೆಲ್ಲ ಆಮೇಲಿನದು.

ಅಳೆಯುವುದು ಹೀಗೆ. ಸೈಕಲ್ಲನ್ನು ತಲೆಕೆಳಗೆ ಮಾಡಬೇಡಿ, ಗೋಡೆಗೆ ಒರಗಿಸಿ. ಅಲೆನ್ ಕೀ ಕಟ್ಟನ್ನು ತೆಗೆದುಕೊಂಡು 4, 5, 6, 8 ಹೀಗೆ ಒಂದೊಂದನ್ನೇ ಟೈರಿನ ನೆತ್ತಿಗೂ ಬ್ರೇಕಿನ ಕಮಾನಾದ ಕ್ಯಾಲಿಪರ್‌ನ ತಳಕ್ಕೂ ನಡುವೆ ತೂರಿಸಿ. ಒತ್ತಿ ತಳ್ಳಬಾರದು, ಸಲೀಸಾಗಿ ಹೋಗಬೇಕು. ಸಲೀಸಾಗಿ ಹೋಗುವ ಅತಿ ದಪ್ಪ ಕೀಲಿಯೇ ನಿಮ್ಮ ಅಂತರ. ಹಾಗೆಯೇ ಮುಂದೆ ಫೋರ್ಕಿನ ಕಿರೀಟದ ಕೆಳಗೆ, ಹಿಂದೆ ಬ್ರೇಕ್ ಕೂರುವ ಅಡ್ಡ ಕೊಳವೆಯ ಕೆಳಗೆ, ಸೀಟ್ ಟ್ಯೂಬಿನ ಹಿಂಬದಿಗೆ, ಪೆಡಲ್ ಅಚ್ಚಿನ ಹಿಂದೆ ಚೈನ್‌ಸ್ಟೇ ಕೊಳವೆಗಳು ಕಿರಿದಾಗುವಲ್ಲಿ ನೋಡಿ. ಚಕ್ರವನ್ನು ಒಂದು ಸುತ್ತು ತಿರುಗಿಸುತ್ತಾ ಅಳೆಯಿರಿ. ರಿಮ್ಮಿನಲ್ಲಿ ಸಣ್ಣ ಬೆಂಡ್ ಇದ್ದರೆ ಒಂದು ಕಡೆ ಇರುವ ಜಾಗ ಇನ್ನೊಂದು ಕಡೆ ಇರುವುದಿಲ್ಲ.

ಜನ ಪಕ್ಕದ ಜಾಗವನ್ನು ಮಾತ್ರ ನೋಡಿ ಬೇಕಾದಷ್ಟಿದೆ ಎಂದುಕೊಳ್ಳುತ್ತಾರೆ. 23ರಿಂದ 28ಕ್ಕೆ ಹೋದರೆ ಪಕ್ಕದಲ್ಲಿ ಆ ಕಡೆ ಎರಡೂವರೆ, ಈ ಕಡೆ ಎರಡೂವರೆ ಮಿ.ಮೀ. ಹೋಗುತ್ತದೆ ಅಷ್ಟೆ. ಮೇಲೆ ಹಾಗಲ್ಲ. ಟೈರ್ ಅಗಲವಾದಷ್ಟೂ ಎತ್ತರವೂ ಬೆಳೆಯುತ್ತದೆ, ಆ 5 ಮಿ.ಮೀ. ಪೂರ್ತಿ ನೆತ್ತಿಯ ಕಡೆಗೇ ಹೋಗುತ್ತದೆ. ಟೈರ್ ಹಾಕಿದ ಮೇಲೂ ಮೂರು ನಾಲ್ಕು ಮಿ.ಮೀ. ಖಾಲಿ ಉಳಿಯಬೇಕು. ಇಲ್ಲದಿದ್ದರೆ ಟೈರಿಗೆ ಅಂಟಿಕೊಂಡ ಒಂದು ಜಲ್ಲಿ ಚೂರು ಫೋರ್ಕಿನ ಬಣ್ಣ ಕೆರೆದು, ನಂತರ ಕಾರ್ಬನ್ನನ್ನೇ ಕೆರೆಯಲು ಶುರು ಮಾಡುತ್ತದೆ. ಅಂದರೆ ಈಗ ನೆತ್ತಿಯ ಮೇಲೆ 8 ಅಥವಾ 9 ಮಿ.ಮೀ. ಇದ್ದರೆ ಮಾತ್ರ 28ರ ಮಾತು. 5 ಇದ್ದರೆ 25.

ಇನ್ನೊಂದು ಅಳತೆ ರಿಮ್ಮಿನದು. ಟೈರ್ ಮೇಲೆ ಬರೆದ ಅಂಕಿ ನಿಮ್ಮ ರಿಮ್ಮಿನ ಮೇಲೆ ಹಾಗೇ ಬರಬೇಕೆಂದಿಲ್ಲ. ರಿಮ್ಮಿನ ಒಳಗಲ 1 ಮಿ.ಮೀ. ಹೆಚ್ಚಿದರೆ ಟೈರ್ ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ನಿಮ್ಮ ಕಾಲದ ಸೈಕಲ್ಲಿಗೆ ಒಳಗಲ 15 ಇರಬಹುದು, ರಿಮ್ಮಿನ ಮೇಲೆ 622x15 ಎಂದೋ 15ಸಿ ಎಂದೋ ಇರುತ್ತದೆ ನೋಡಿ. ಯಾರಾದರೂ 19 ಅಥವಾ 21ರ ಚಕ್ರ ಮಾರಲು ಬಂದರೆ ಅದೇ ಟೈರ್ ಅದರ ಮೇಲೆ ಎರಡು ಮಿ.ಮೀ. ದಪ್ಪವಾಗಿ ಕೂರುತ್ತದೆ ಎಂಬುದು ನೆನಪಿರಲಿ.

ಈಗ ಗಾಳಿ. ನಿಮ್ಮ ಅರ್ಧ ಕಾಯಿಲೆ ಇಲ್ಲಿದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ, ಅಷ್ಟೇ ತುಂಬಬೇಕೆಂಬ ಅಪ್ಪಣೆಯಲ್ಲ. ನಯವಾದ ನೆಲದ ಮೇಲೆ ಟೈರ್ ಗಟ್ಟಿಯಾದಷ್ಟೂ ಉರುಳುವ ನಷ್ಟ ಸ್ವಲ್ಪ ಕಡಿಮೆಯಾಗುವುದು ನಿಜ. ಒರಟು ರಸ್ತೆಯಲ್ಲಿ ಆಗುವುದು ಬೇರೆ: ಟೈರ್ ಉಬ್ಬನ್ನು ನುಂಗುವ ಬದಲು ನಿಮ್ಮ 78 ಕಿಲೋವನ್ನು ಪ್ರತಿ ಉಬ್ಬಿಗೂ ಮೇಲಕ್ಕೆತ್ತುತ್ತದೆ. ಆ ಎತ್ತುವಿಕೆಗೆ ಬೇಕಾದ ಶಕ್ತಿ ನಿಮ್ಮ ತೊಡೆಯಿಂದಲೇ ಬರುತ್ತದೆ, ಉಳಿದದ್ದು ಅಂಗೈಯ ಜೋಮಾಗಿ ಖರ್ಚಾಗುತ್ತದೆ.

ಸೈಕಲ್ ಎಂಜಿನಿಯರ್ ಫ್ರಾಂಕ್ ಬರ್ಟೊ ಅವರ ಹಳೆಯ ಲೆಕ್ಕವೊಂದಿದೆ: ಸವಾರ ಕುಳಿತಾಗ ಟೈರ್ ತನ್ನ ಎತ್ತರದ ಸುಮಾರು 15 ಶೇಕಡ ಕುಸಿಯುವಷ್ಟು ಗಾಳಿ ಇರಬೇಕು. ಮುಂದಿನ ಚಕ್ರಕ್ಕೆ ಭಾರದ 45 ಪಾಲು, ಹಿಂದಿನದಕ್ಕೆ 55 ಎಂದು ಹಿಡಿದರೆ ನಿಮಗೆ 25ರ ಟೈರಿನಲ್ಲಿ ಹಿಂದೆ 90–95, ಮುಂದೆ 75–80. 28ರಲ್ಲಿ ಹಿಂದೆ 78, ಮುಂದೆ 63ರ ಆಸುಪಾಸು. ಇದು ಆರಂಭ ಮಾತ್ರ. ಅಲ್ಲಿಂದ ಮೂರು ಮೂರು ಪಿಎಸ್‌ಐ ಇಳಿಸುತ್ತಾ ನೋಡಿ, ಉಬ್ಬು ಹಾರಿದಾಗ ರಿಮ್ಮು ನೆಲಕ್ಕೆ ತಾಗಿದ ಸದ್ದು ಬಂದರೆ ಒಂದು ಮೆಟ್ಟಿಲು ಮೇಲೆ ಹೋಗಿ. ಮುಂದೆ ಹಿಂದೆ ಒಂದೇ ಗಾಳಿ ಹೊಡೆಯುವ ಅಭ್ಯಾಸವನ್ನು ಇಂದೇ ಬಿಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೀಟರನ್ನೂ ನಂಬಬೇಡಿ, ನಿಮ್ಮದೇ ಪಂಪು, ನಿಮ್ಮದೇ ಮೀಟರು.

ಹಾವು ಕಚ್ಚುವ ಪಂಕ್ಚರ್ 110 ತುಂಬಿದರೂ ಆಗುತ್ತಿದೆ ಎಂದರೆ ಚಪ್ಪಡಿಯ ಅಂಚಿಗೆ ಗುದ್ದಿದಾಗ 23ರ ಟೈರಿನಲ್ಲಿ ಕುಸಿಯಲು ಎತ್ತರವೇ ಇಲ್ಲ. ಅದಕ್ಕೆ ಅಗಲವೇ ಮದ್ದು, ಗಾಳಿಯಲ್ಲ.

ಹುರುಳಿ ಹರವಿದಲ್ಲಿ ಯಾವ ಅಗಲವೂ ಕಾಯುವುದಿಲ್ಲ. ಬಳ್ಳಿ ಗೇರ್ ಬದಲಿಸುವ ಹಿಂದಿನ ಡಿರೇಲರ್‌ಗೆ ಸುತ್ತಿಕೊಂಡರೆ ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಇಳಿದು ಸೈಕಲ್ಲನ್ನು ಎತ್ತಿಕೊಂಡು ದಾಟಿ, ಒಕ್ಕಣೆ ಮಾಡುತ್ತಿರುವವರಿಗೂ ಸಂತೋಷವಾಗುತ್ತದೆ.

ಭಾನುವಾರದ ಸವಾರ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಅಳೆದೆ. ಮುಂದೆ ಕ್ಯಾಲಿಪರ್ ಕೆಳಗೆ 6ರ ಕೀಲಿ ಸಲೀಸಾಗಿ ಹೋಗುತ್ತದೆ, 8 ಹೋಗುವುದಿಲ್ಲ. ಹಿಂದೆ 5 ಹೋಗುತ್ತದೆ, 6 ಸಿಕ್ಕಿಕೊಳ್ಳುತ್ತದೆ. ಪಕ್ಕದಲ್ಲಿ ಎಲ್ಲ ಕಡೆಯೂ ಬೇಕಾದಷ್ಟು ಜಾಗ. ರಿಮ್ಮಿನ ಮೇಲೆ 622x15 ಎಂದೇ ಇದೆ. ಹಾಗಾದರೆ 28ರ ಆಸೆ ಬಿಡಬೇಕೇ? ಮುಂದೆ ಮಾತ್ರವಾದರೂ ಹಾಕಲಾಗದೇ?

ಜಾಲಿಮುಳ್ಳು, ವಿಜಯಪುರ:

ನಮ್ಮ ಕಡೆಯ ಅನುಭವ ಒಂದಿಷ್ಟು. ಇಲ್ಲಿ ರಸ್ತೆಯ ಇಕ್ಕೆಲಗಳಲ್ಲಿ ಬಳ್ಳಾರಿ ಜಾಲಿ. ಅಗಲ ಟೈರ್ ಹಾಕಿದರೆ ಚಪ್ಪಡಿ ಗುದ್ದುವ ಪಂಕ್ಚರ್ ನಿಲ್ಲುತ್ತದೆ, ಮುಳ್ಳಿನದು ನಿಲ್ಲುವುದಿಲ್ಲ. ಜಾಲಿ ಮುಳ್ಳು ಟೈರಿನೊಳಗೆ ಮುರಿದು ಉಳಿಯುತ್ತದೆ. ಹೊರಗಿನಿಂದ ಕಾಣದು, ಬೆರಳಾಡಿಸಿದರೂ ಸಿಗದು. ಹೊಸ ಟ್ಯೂಬ್ ಹಾಕಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಅಲ್ಲೇ ತೂತು. ಒಂದು ಹಿಡಿ ಹತ್ತಿಯನ್ನು ಟೈರಿನ ಒಳಮೈಗೆ ಹಗುರವಾಗಿ ಒರೆಸುತ್ತಾ ಸುತ್ತಿ ಬನ್ನಿ. ಎಲ್ಲಿ ಹತ್ತಿಯ ಎಳೆ ಹಿಡಿದು ಜಗ್ಗುತ್ತದೋ ಅಲ್ಲಿ ಮುಳ್ಳಿನ ಮೊನೆ ಇದೆ. ಹೊರಗಿನಿಂದ ಸೂಜಿಯಲ್ಲಿ ಒಳಕ್ಕೆ ನೂಕಿ, ಉಗುರು ಕತ್ತರಿಯಲ್ಲಿ ಹಿಡಿದು ಎಳೆಯಿರಿ.

ಟೈರ್ ಆರಿಸುವಾಗ ಪಕ್ಕದ ಗೋಡೆ ತೀರಾ ದಪ್ಪಗಿರುವುದನ್ನು ಎರಡೂ ಕಡೆ ಹಾಕಬೇಡಿ. ಗೇಟರ್‌ಸ್ಕಿನ್ ಥರದ್ದು ಬಾಳಿಕೆಗೆ ಒಳ್ಳೆಯದು, ಆದರೆ ಓಟ ಮಂದ. ಹಿಂದೆ ಅದು, ಮುಂದೆ ಮೃದುವಾದದ್ದು, ಇದು ನನ್ನ ಪದ್ಧತಿ.

ಅಳತೆಪಟ್ಟಿ:

ಮುಂದೆಯೂ ಬೇಡ. 6 ಹೋಗಿ 8 ಹೋಗದಿದ್ದರೆ ಅಲ್ಲಿರುವುದು ಸುಮಾರು 7. ಅದರಲ್ಲಿ 5 ಕಳೆದರೆ ಉಳಿಯುವುದು 2. ಮಳೆಗಾಲದ ಒಂದು ಕೆಸರು ಪದರಕ್ಕೆ ಅದು ಸಾಲದು. 25 ಹಾಕಿದರೆ ಮುಂದೆ 4–5, ಹಿಂದೆ 3 ಉಳಿಯುತ್ತದೆ. ಹಿಂದಿನದು ಗಡಿಯ ಮೇಲಿದೆ, ಆದ್ದರಿಂದ ಟೈರ್ ಹಾಕಿಸುವ ಮೊದಲು ಹಿಂದಿನ ಚಕ್ರದ ಬೆಂಡ್ ತೆಗೆಸಿ, ಹಾಕಿ ಗಾಳಿ ತುಂಬಿದ ಮೇಲೆ ಮತ್ತೆ 3ರ ಕೀಲಿ ತೂರಿಸಿ ನೋಡಿ.

ದೂರ ಚಾಚುವ ಕ್ಯಾಲಿಪರ್ ಹಾಕಿಸಿದರೆ 28 ಹಿಡಿಯುತ್ತದಂತೆ ಎಂದು ಯಾರಾದರೂ ಹೇಳಬಹುದು. ನಿಮ್ಮ ಈಗಿನ ಬ್ರೇಕ್ 39ರಿಂದ 49 ಮಿ.ಮೀ. ಚಾಚಿನದು (ಬೋಲ್ಟಿನಿಂದ ಬ್ರೇಕ್ ರಬ್ಬರಿನವರೆಗಿನ ದೂರ), ಅವರು ಹೇಳುವುದು 47ರಿಂದ 57ರದು. ಬ್ರೇಕಿನ ರಂಧ್ರವನ್ನೇ ಚಿಕ್ಕ ಚಾಚಿಗೆ ಲೆಕ್ಕ ಹಾಕಿ ಕೊರೆದ ಫ್ರೇಮಿನಲ್ಲಿ ಅದರ ರಬ್ಬರು ರಿಮ್ಮಿಗೆ ಸರಿಯಾಗಿ ಕೂರುವುದಿಲ್ಲ. ಆ ದುಡ್ಡನ್ನು ಟೈರಿಗೆ ಹಾಕಿ. ಹಗ್ಗದಂತೆ ಮಡಚುವ ಒಳ್ಳೆಯ 25, ಉದಾಹರಣೆಗೆ ಕಾಂಟಿನೆಂಟಲ್ ಕಂಪನಿಯ ಜಿಪಿ 5000, ಸರಿಯಾದ ಗಾಳಿಯಲ್ಲಿ ಓಡಿದರೆ ತಂತಿ ಅಂಚಿನ ಅಗ್ಗದ 28ಕ್ಕಿಂತ ಮೆತ್ತಗೂ ಇರುತ್ತದೆ, ಬೇಗವೂ ಓಡುತ್ತದೆ. ವಿಜಯಪುರದವರು ಹೇಳಿದಂತೆ ಹಿಂದೆ ಬೇಕಾದರೆ ಗಟ್ಟಿ ಟೈರ್ ಹಾಕಿ. ಮೇಲುಕೋಟೆ ದಾರಿಗೆ ಜಾಲಿ ಕಾಟ ಅಷ್ಟಿಲ್ಲ, ನಾನಾದರೆ ಎರಡೂ ಕಡೆ ಮೃದುವಾದದ್ದನ್ನೇ ಹಾಕುತ್ತಿದ್ದೆ. ಟ್ಯೂಬ್ ಕೊಳ್ಳುವಾಗ 18–25 ಎಂದಿರುವುದನ್ನು ಬಿಟ್ಟು 25–32 ಎಂದಿರುವುದು ಕೊಳ್ಳಬೇಡಿ, ಕಿರಿದಾದ ರಿಮ್ಮಿನೊಳಗೆ ಮಡಿಕೆ ಬೀಳುತ್ತದೆ.

ನಿಮ್ಮ ಗೆಳೆಯರಿಗೆ ಒಂದು ಮಾತು ಹೇಳಿ. ಹ್ಯಾಂಡಲ್ಲಿನ ಮೀಟರು ಚಕ್ರದ ಸುತ್ತಳತೆಯಿಂದ ವೇಗ ಲೆಕ್ಕ ಹಾಕುವಂಥದ್ದಾದರೆ 23ಕ್ಕೆ 2096, 25ಕ್ಕೆ 2105, 28ಕ್ಕೆ 2136 ಮಿ.ಮೀ. ತುಂಬಿಸಬೇಕು. 23ರ ಅಂಕಿಯನ್ನು ಹಾಗೇ ಬಿಟ್ಟು 28 ಹಾಕಿದವರಿಗೆ ಗಂಟೆಗೆ 30 ಕಿ.ಮೀ. ಓಡಿದರೂ ಮೀಟರು 29.4 ತೋರಿಸುತ್ತದೆ. ಎತ್ತಿನ ಗಾಡಿಯ ಮಾತು ಅವರಿಗೆ ಅಲ್ಲಿಂದಲೇ ಬಂದಿರಬಹುದು.

ಭಾನುವಾರದ ಸವಾರ:

25 ತರಿಸುತ್ತೇನೆ. ಕೊನೆಯ ಪ್ರಶ್ನೆ, ತೆಗೆದ 23ರ ಟೈರುಗಳನ್ನು ಯಾರಿಗಾದರೂ ಮಾರಬಹುದೇ?

ಅಳತೆಪಟ್ಟಿ:

ಯಾರೂ ಕೊಳ್ಳುವುದಿಲ್ಲ. ಒಂದನ್ನು ಮಾತ್ರ ಇಟ್ಟುಕೊಂಡು ಪಕ್ಕದ ಗೋಡೆಯಿಂದ ಆರು ಸೆಂಟಿಮೀಟರ್ ಉದ್ದದ ಎರಡು ತುಂಡು ಕತ್ತರಿಸಿ, ಅಂಚು ಸವರಿ, ಸೀಟಿನ ಚೀಲಕ್ಕೆ ಹಾಕಿಕೊಳ್ಳಿ. ಗಾಜಿನ ಚೂರಿಗೆ ಟೈರ್ ಸೀಳಿದರೆ ಒಳಗಿನಿಂದ ಸೀಳಿಗೆ ಅಡ್ಡ ಇಟ್ಟು ಟ್ಯೂಬ್ ತುಂಬಿ, 60 ಪಿಎಸ್‌ಐ ಮೀರದಂತೆ ನಿಧಾನವಾಗಿ ಬನ್ನಿ. ಜಕ್ಕನಹಳ್ಳಿಯಿಂದ ಮನೆ ಸೇರುವಷ್ಟು ಬರುತ್ತದೆ.