ಕ್ಯಾಸೆಟ್ಟಿಗೆ ಸಿಕ್ಕ ಹಾಡು ಸಿಡಿಗೆ ಯಾಕಿಲ್ಲ?

“ಒಂದೇ ಆಲ್ಬಮ್ಮನ್ನು ಎರಡೆರಡು ಸಲ ಕೊಳ್ಳೋದಕ್ಕೆ ಹುಚ್ಚು ಅಂತಾರೆ,” ಎಂದ ಗುಂಡ.

“ಸಂಗ್ರಹ ಅಂತಾರೆ,” ಎಂದರು ಮೇಷ್ಟ್ರು.

ಇವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಹಿಪ್‌ಹಾಪ್ ಮಾತು ಬಂದರೆ ಪಾಠ ಶುರು ಮಾಡುತ್ತಾರೆ, ಬೆಲ್ ಹೊಡೆದರೂ ನಿಲ್ಲಿಸುವುದಿಲ್ಲ. ಅದಕ್ಕೇ ಆ ಹೆಸರು. ಅಮೆರಿಕದ ರ್‍ಯಾಪರ್ ನಾಸ್‌ನ ‘ಇಟ್ ವಾಸ್ ರಿಟನ್’ ಸಿಡಿ ಅವರ ಹತ್ತಿರ ಮೊದಲೇ ಇತ್ತು. 1996ರ ಆಲ್ಬಮ್. ಈಗ ಅದರದೇ ಹಳೇ ಕ್ಯಾಸೆಟ್ ತರಿಸಿಕೊಂಡಿದ್ದಾರೆ.

“ಸಿಡಿಯಲ್ಲಿ ಇಲ್ಲದ ಒಂದು ಹಾಡು ಇದರಲ್ಲಿದೆ. ‘ಸೈಲೆಂಟ್ ಮರ್ಡರ್’. ಅಮೆರಿಕದಲ್ಲಿ ಸಿಡಿ ಕೊಂಡವನಿಗೆ ಇದು ಸಿಗಲಿಲ್ಲ, ಕ್ಯಾಸೆಟ್ ಕೊಂಡವನಿಗೆ ಸಿಕ್ಕಿತು.”

“ಸಿಡಿಯಲ್ಲಿ ಜಾಗ ಸಾಲಲಿಲ್ಲವೇನೋ,” ಎಂದಳು ಅಕ್ಕ.

“ಸಿಡಿಯಲ್ಲಿ 74 ನಿಮಿಷ ತುಂಬಬಹುದು. ಈ ಆಲ್ಬಮ್ ಒಂದು ಗಂಟೆಯೂ ಇಲ್ಲ.”

ಗುಂಡ ಲೆಕ್ಕದ ಮನುಷ್ಯ. ಅವನ ಹುಬ್ಬು ಮೇಲೇರಿತು. “ಅಂದರೆ ಸಿಡಿಗೆ ಜಾಸ್ತಿ ದುಡ್ಡು ಕೊಟ್ಟವನಿಗೆ ಕಮ್ಮಿ ಹಾಡು. ಅಗ್ಗದ ಕ್ಯಾಸೆಟ್ ಕೊಂಡವನಿಗೆ ಪೂರ್ತಿ ಊಟ. ಇದ್ಯಾವ ವ್ಯಾಪಾರ?”

“ಆಗಿನ ಪದ್ಧತಿ ಇದಕ್ಕೆ ತಿರುಗಾ ಮುರುಗಾ ಇತ್ತು,” ಎಂದರು ಮೇಷ್ಟ್ರು. ಖುಷಿಯಿಂದ ಕುರ್ಚಿ ಹತ್ತಿರ ಎಳೆದುಕೊಂಡರು. ಪಾಠ ಶುರುವಾಯಿತು ಅಂತ ನಮಗೆಲ್ಲ ಗೊತ್ತಾಯಿತು. “ಜನ ಸಿಡಿ ಕೊಳ್ಳಲಿ ಅಂತ ಕಂಪನಿಗಳು ಒಂದೆರಡು ಹಾಡನ್ನು ಅದರಲ್ಲಿ ಮಾತ್ರ ಹಾಕುತ್ತಿದ್ದವು. ಇನ್ನೊಬ್ಬ ರ್‍ಯಾಪರ್ ಜಿಝಾನ ‘ಲಿಕ್ವಿಡ್ ಸೋರ್ಡ್ಸ್’ ನೋಡಿ, 1995ರದ್ದು. ಸಿಡಿಯ ಕೊನೆಯಲ್ಲಿ ‘ಬೈಬಲ್’ ಅಂತ ಒಂದು ಹಾಡಿದೆ. ಎಲ್‌ಪಿಯಲ್ಲಿ, ಅಂದರೆ ಗ್ರಾಮಫೋನ್ ತಟ್ಟೆಯಲ್ಲಿ, ಇಲ್ಲ.”

“ಚೆನ್ನಾಗಿದೆಯಾ?”

“ಅದ್ಭುತ! ಆದರೆ ಅದರಲ್ಲಿ ಜಿಝಾ ಇಲ್ಲ. ಹಾಡಿದ್ದು ಕಿಲ್ಲಾ ಪ್ರೀಸ್ಟ್ ಅನ್ನೋ ಇನ್ನೊಬ್ಬ. ಮಿಕ್ಕ ಹಾಡುಗಳಿಗೆಲ್ಲ ಸಂಗೀತ ಮಾಡಿದ್ದು ರಿಝಾ, ಇದೊಂದಕ್ಕೆ ಫೋರ್ತ್ ಡಿಸೈಪಲ್.”

“ಮದುವೆ ಮನೆಯಲ್ಲಿ ತಾಂಬೂಲ ಕೊಡೋ ಹೊತ್ತಿಗೆ ಗಂಡೇ ಕಾಣೆ,” ಎಂದಳು ಅಕ್ಕ.

ನನಗೆ ಇಲ್ಲಿ ಸುಮ್ಮನಿರಲಾಗಲಿಲ್ಲ. ಎಲ್‌ಪಿಯಲ್ಲಿ ಆ ಆಲ್ಬಮ್ ‘ಐ ಗಾಚಾ ಬ್ಯಾಕ್’ ಹಾಡಿಗೆ ಮುಗಿಯುತ್ತದೆ. ಅದೇ ಸರಿಯಾದ ಕೊನೆ ಅಂತ ನನ್ನ ವಾದ. ಮುಗಿದ ಮೇಲೆ ಮುಗಿಯಬೇಕು. ಬೋನಸ್ ಹಾಡು ಎಷ್ಟೇ ಚೆನ್ನಾಗಿರಲಿ, ಅದು ಬಾಗಿಲವರೆಗೆ ಹೋದವನನ್ನು ತಿರುಗಿ ಕರೆದು ಕೂರಿಸುತ್ತದೆ. ಮೇಷ್ಟ್ರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

“ಎಲ್‌ಪಿಯವರು ಹಾಡು ಬಿಟ್ಟಿದ್ದು ಕಲೆಗೋಸ್ಕರ ಅಂದುಕೊಂಡೆಯಾ? ಒಂದು ಬದಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ದಾಟಿದರೆ ಗೆರೆಗಳನ್ನು ಒತ್ತಾಗಿ ಕೊರೆಯಬೇಕು. ಬೇಸ್ ಜಾಸ್ತಿ ಇದ್ದರೆ ಗೆರೆಗೆ ಅಗಲ ಬೇಕು. ಅಗಲ ಸಿಗದಿದ್ದರೆ ಶಬ್ದ ತಗ್ಗಿಸಬೇಕು, ಬೇಸ್ ಕತ್ತರಿಸಬೇಕು. ಬೇಸ್ ಇಲ್ಲದ ಹಿಪ್‌ಹಾಪ್ ಯಾರಿಗೆ ಬೇಕು?”

“ಎರಡು ತಟ್ಟೆ ಮಾಡಬಹುದಲ್ಲ?”

“ಮಾಡುತ್ತಿದ್ದರು. ಅದಕ್ಕೂ ದುಡ್ಡು.”

“ಅಲ್ಲಿಗೆ ಬಂದಿರಿ,” ಎಂದ ಗುಂಡ, ಕೇಸ್ ಗೆದ್ದ ವಕೀಲನ ಹಾಗೆ.

ಈ ವಿಷಯದಲ್ಲಿ ನನಗೆ ಪಬ್ಲಿಕ್ ಎನಿಮಿ ತಂಡ ಕಂಡರೆ ಗೌರವ. 1988ರಲ್ಲಿ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್’ ಮಾಡುವಾಗ ಅವರು ಕ್ಯಾಸೆಟ್ ಕೇಳುವವನನ್ನೇ ಮನಸ್ಸಲ್ಲಿಟ್ಟುಕೊಂಡಿದ್ದರು. ಎರಡೂ ಬದಿ ಹೆಚ್ಚುಕಮ್ಮಿ ಸಮ. ಒಂದು ಬದಿ ಬೇಗ ಮುಗಿದು, ಸುಮ್ನೆ ‘ಸ್ಸ್ಸ್’ ಅನ್ನೋ ಖಾಲಿ ಟೇಪ್ ಓಡುವುದು ಅವರಿಗೆ ಬೇಡವಾಗಿತ್ತು. ಬದಿಗಳಿಗೆ ಎ, ಬಿ ಅನ್ನದೆ ಸಿಲ್ವರ್, ಬ್ಲ್ಯಾಕ್ ಅಂತ ಹೆಸರಿಟ್ಟರು. ಹೊರಗೆ ಬರುವ ಮುಂಚೆ ಮೊದಲ ಬದಿಯನ್ನು ಎರಡನೆಯದು ಮಾಡಿ, ಎರಡನೆಯದನ್ನು ಮೊದಲು ಇಟ್ಟರು. “ಇಂಥವರಿಗೆ ಬೋನಸ್ ಯಾಕೆ?” ಎಂದೆ.

“ಜಪಾನಿನವರಿಗೆ ಬೇಕು,” ಎಂದರು ಮೇಷ್ಟ್ರು. “ಅಲ್ಲಿ ಸ್ಥಳೀಯ ಸಿಡಿಗೆ ಅಂಗಡಿಯವನು ಬೆಲೆ ಇಳಿಸೋ ಹಾಗಿರಲಿಲ್ಲ. ಅಮೆರಿಕದಿಂದ ಬಂದ ಅದೇ ಸಿಡಿ ಪಕ್ಕದಲ್ಲೇ ಅಗ್ಗಕ್ಕೆ ಸಿಗುತ್ತಿತ್ತು. ಆಮೇಲೆ ಇವನದನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಒಂದು ಹಾಡು ಜಾಸ್ತಿ.”

“ಯುರೋಪಿನವರಿಗೆ?”

“ಅವರಿಗೂ ಕೊಟ್ಟಿದ್ದಾರೆ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 1993ರ ‘ಮಿಡ್‌ನೈಟ್ ಮರಾಡರ್ಸ್’ನಲ್ಲಿ ಅಮೆರಿಕದವರಿಗೆ ಇಲ್ಲದ ಒಂದು ಹಾಡು ಅಲ್ಲಿಯವರಿಗೆ ಸಿಕ್ಕಿತು. ಹೆಸರು...” ಮೇಷ್ಟ್ರು ಅಡುಗೆಮನೆ ಕಡೆ ನೋಡಿದರು. ಅಮ್ಮ ಅಲ್ಲೇ ಇದ್ದರು. “ಹೆಸರು ಆಮೇಲೆ ಹೇಳ್ತೀನಿ.”

ಗುಂಡ ಅಷ್ಟರಲ್ಲಿ ಫೋನಲ್ಲಿ ಹುಡುಕಿ ಜೋರಾಗಿ ಓದಿಬಿಟ್ಟ. “ಹಾಟ್ ಸೆಕ್ಸ್!”

ಅಡುಗೆಮನೆಯಲ್ಲಿ ಒಂದು ಲೋಟ ಬಿತ್ತು.

“ಹಾಡು ಅಮ್ಮಾ, ಹಾಡು! ಸಿನಿಮಾದ್ದು!” ಎಂದು ಅಕ್ಕ ಕೂಗಿದಳು. ಅದು ನಿಜವೇ, ಅದಕ್ಕೂ ಹಿಂದಿನ ವರ್ಷದ ‘ಬೂಮರಾಂಗ್’ ಚಿತ್ರದ ಆಲ್ಬಮ್ಮಿನಲ್ಲಿ ಇದ್ದ ಹಾಡು. ಆದರೆ ಸಿನಿಮಾ ಅಂದಿದ್ದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು.

ಗದ್ದಲ ತಣ್ಣಗಾದ ಮೇಲೆ ಗುಂಡ ಕೇಳಿದ. “ಆ ‘ಸೈಲೆಂಟ್ ಮರ್ಡರ್’ ಈಗ ಫೋನಲ್ಲಿ ಸಿಗಲ್ವಾ?”

ಮೇಷ್ಟ್ರು ಉತ್ತರ ಕೊಡಲಿಲ್ಲ. ಕ್ಯಾಸೆಟ್ಟಿನ ಡಬ್ಬಿ ತೆಗೆದು ಮುಚ್ಚಿದರು. ಆಲ್ಬಮ್ಮಿಗೆ 25 ವರ್ಷ ತುಂಬಿದ ನೆಪದಲ್ಲಿ 2021ರಲ್ಲಿ ಅದನ್ನೂ ಸೇರಿಸಿ ಹೊಸದಾಗಿ ಬಿಟ್ಟಿದ್ದಾರೆ ಅಂತ ನಾನೇ ಹೇಳಬೇಕಾಯಿತು. ಗುಂಡ ಅಲ್ಲೇ ಹಾಕಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾವು ತಲೆ ಆಡಿಸುತ್ತಾ ಕೇಳಿದೆವು.

ಹಾಡು ಮುಗಿಯಿತು. ಎಲ್ಲರೂ ಅಕ್ಕನ ಮುಖ ನೋಡಿದರು.

“ಪರವಾಗಿಲ್ಲ,” ಎಂದಳು.

“ಪರವಾಗಿಲ್ವಾ?”

“ಸಿಡಿಯವರು ಏನೂ ಕಳಕೊಂಡಿಲ್ಲ.”

ಮೇಷ್ಟ್ರು ಎದ್ದು ಚಪ್ಪಲಿ ಹಾಕಿಕೊಂಡರು. ಗೇಟಿನವರೆಗೂ ಹೋಗಿ ನಿಂತು, ಅಲ್ಲಿಂದಲೇ ಕೂಗಿದರು. “ಕ್ಯಾಸೆಟ್ಟಿನಲ್ಲಿ ಕೇಳಬೇಕಿತ್ತು ನೀವು!”