ಹನ್ನೆರಡರ ಮಗಳು, ಒಂಬತ್ತರ ಮಗ, ಏಳು ದಿನದ ರಜೆ: ಪ್ಲಾನು ಯಾರು ಮಾಡಬೇಕು?

ಇಬ್ಬರ ಅಮ್ಮ:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, "ಮಕ್ಕಳ ಜೊತೆ ನೋಡಲೇಬೇಕಾದ ಹತ್ತು ಜಾಗ" ಥರದ ಉತ್ತರ ಬೇಡ. ಜಾಗ ಹುಡುಕೋದು ಕಷ್ಟ ಅಲ್ಲ. ಈ ಇಬ್ಬರ ಜೊತೆ ಏಳು ದಿನ ಜಗಳ ಇಲ್ಲದೆ ಕಳೆಯೋದು ಹೇಗೆ ಅನ್ನೋದೇ ನನ್ನ ಪ್ರಶ್ನೆ.

ಮಗಳಿಗೆ ಬರೋ ತಿಂಗಳು ಹನ್ನೆರಡು ತುಂಬುತ್ತೆ. ಮಗನಿಗೆ ಒಂಬತ್ತು. ಎರಡು ವರ್ಷದ ಹಿಂದೆ ಎಲ್ಲಿಗೆ ಕರ್ಕೊಂಡು ಹೋದ್ರೂ ಕುಣೀತಿದ್ರು. ಹೋಟೆಲ್ ಮಂಚದ ಮೇಲೆ ಹಾರೋಕೆ ಬಿಟ್ರೆ ಸಾಕು, ಅವರ ಪಾಲಿಗೆ ಅದೇ ಪ್ರವಾಸ. ಹೋದ ರಜೆಯಲ್ಲಿ ಎಲ್ಲ ಉಲ್ಟಾ ಆಯ್ತು. ಐದು ದಿನಕ್ಕೆ ಹನ್ನೊಂದು ಜಾಗ ಇಟ್ಕೊಂಡಿದ್ವಿ. ನಾನೇ ಎಕ್ಸೆಲ್ ಶೀಟ್ ಮಾಡಿದ್ದೆ, ದಿನಕ್ಕೊಂದು ಬಣ್ಣ ಬೇರೆ ಹಚ್ಚಿದ್ದೆ. ಎರಡನೇ ದಿನ ಸೂರ್ಯೋದಯ ನೋಡೋಕೆ ಅಂತ ಐದೂವರೆಗೆ ಎಬ್ಬಿಸಿದ್ರೆ ಮಗಳು ಹೊದಿಕೆ ಮುಖಕ್ಕೆ ಎಳ್ಕೊಂಡು, "ಸೂರ್ಯ ಮನೇಲೂ ಹುಟ್ತಾನಮ್ಮಾ" ಅಂದ್ಲು. ಅದೇ ದಿನ ಬೆಟ್ಟದ ತಿರುವಿನಲ್ಲಿ ಮಗ ಎರಡು ಸಲ ವಾಂತಿ ಮಾಡ್ಕೊಂಡ, ಒಂದು ಸಲ ಅಕ್ಕನ ಚಪ್ಪಲಿ ಮೇಲೆ. ಮ್ಯೂಸಿಯಂಗೆ ಹೋದಾಗ ಅವಳು ಒಳಗೇ ಬರ್ಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ಲು. ಅವಳ ಒಂದು ಫೋಟೋನ ಮನೆಯವರ ಗ್ರೂಪಿಗೆ ಹಾಕಿದೆ ಅಂತ ನಾಲ್ಕನೇ ರಾತ್ರಿ ಅತ್ತಳು. ನನಗೂ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತೆ.

ಎಲ್ಲ ಅವರಿಷ್ಟಕ್ಕೆ ಬಿಟ್ರೆ ಏಳು ದಿನವೂ ಈಜುಕೊಳ ಮತ್ತು ಫೋನು. ಎಲ್ಲ ನಮ್ಮಿಷ್ಟಕ್ಕಾದ್ರೆ ಮತ್ತೆ ಮೆಟ್ಟಿಲು. ಎಷ್ಟು ಬಿಡಬೇಕು, ಎಷ್ಟು ಹಿಡ್ಕೋಬೇಕು?

ಮೂವರ ಅಪ್ಪ:

ಮೇಡಂ, ನಿಮ್ಮ ಮಗಳದ್ದು ಸೋಮಾರಿತನ ಅಲ್ಲ. ಈ ವಯಸ್ಸಿನಲ್ಲಿ ಮೈ ಬೆಳೆಯೋಕೆ ಶುರುವಾದಾಗ ಮೆದುಳಿನ ಗಡಿಯಾರವೂ ಹಿಂದಕ್ಕೆ ಸರಿಯುತ್ತೆ. ನಿದ್ದೆ ತರೋ ಮೆಲಟೋನಿನ್ ರಾತ್ರಿ ತಡವಾಗಿ ಬರುತ್ತೆ, ಹಾಗಾಗಿ ಬೆಳಿಗ್ಗೆ ಏಳೋದೂ ತಡ. 6ರಿಂದ 12 ವಯಸ್ಸಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳ್ತಾರೆ. ಹನ್ನೊಂದಕ್ಕೆ ಮಲಗಿಸಿ ಐದೂವರೆಗೆ ಎಬ್ಬಿಸಿದ್ರೆ ಲೆಕ್ಕ ಹಾಕಿ. ಹಾಗೆ ಎಬ್ಬಿಸಿದ್ರೆ ನಾನೂ ನೆಟ್ಟಗೆ ಮಾತಾಡಲ್ಲ.

ನಮ್ಮಲ್ಲಿ ಈಗ ದಿನಕ್ಕೆ ಒಂದೇ ಜಾಗ, ಅದೂ ಹತ್ತು ಗಂಟೆ ಮೇಲೆ. ಉಳಿದದ್ದು ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಮೊದಮೊದಲು ನನಗೆ ಹೊಟ್ಟೆ ಉರೀತಿತ್ತು, ಅಷ್ಟು ದೂರ ಬಂದು ಅದನ್ನ ನೋಡ್ಲಿಲ್ಲ, ಇದನ್ನ ನೋಡ್ಲಿಲ್ಲ ಅಂತ. ಆಮೇಲೆ ರೂಢಿಯಾಯ್ತು.

ಇನ್ನೊಂದು, ಹನ್ನೆರಡು ತುಂಬೋದು ಟಿಕೆಟ್ ಲೆಕ್ಕದಲ್ಲಿ ದೊಡ್ಡ ವಿಷಯ. ವಿಮಾನದಲ್ಲಿ ಮಗು ಅಂದ್ರೆ ಸಾಮಾನ್ಯವಾಗಿ 2ರಿಂದ 11 ವರ್ಷ, 12 ಆದ್ರೆ ದೊಡ್ಡವರ ಲೆಕ್ಕ. ಬುಕ್ ಮಾಡೋ ದಿನದ ವಯಸ್ಸಲ್ಲ, ಹೊರಡೋ ದಿನದ ವಯಸ್ಸು ನೋಡ್ತಾರೆ. ಹಲವು ಹೋಟೆಲ್‌ಗಳಲ್ಲೂ ಮಕ್ಕಳ ರಿಯಾಯಿತಿ ಅಲ್ಲಿಗೇ ನಿಲ್ಲುತ್ತೆ. ಹುಟ್ಟುಹಬ್ಬ ಪ್ರವಾಸದ ನಡುವೆ ಬಿದ್ರೆ ಮೊದಲೇ ಕೇಳ್ಕೊಳ್ಳಿ. ನಾನು ಕೇಳದೆ ಕೌಂಟರಿನಲ್ಲಿ ಪೆಚ್ಚಾಗಿದ್ದೀನಿ.

ಕಿಟಕಿ ಸೀಟಿನ ಚಿಕ್ಕಮ್ಮ:

ನಾನು ಚಿಕ್ಕವಳಿದ್ದಾಗ ಬೆಟ್ಟದ ರಸ್ತೆ ಅಂದ್ರೆ ಕೈಯಲ್ಲಿ ಪ್ಲಾಸ್ಟಿಕ್ ಕವರು, ಹಾಗಾಗಿ ನಿಮ್ಮ ಮಗನ ಪರವಾಗಿ ನಾನು. ಗಾಡಿ ತಿರುಗ್ತಿದೆ ಅಂತ ಒಳಕಿವಿ ಹೇಳುತ್ತೆ. ಕಣ್ಣು ಮಾತ್ರ ಫೋನಿನ ಮೇಲಿರುತ್ತೆ, ಅದಕ್ಕೆ ಏನೂ ಅಲುಗಾಡ್ತಿಲ್ಲ. ಎರಡರ ಸಾಕ್ಷಿ ತಾಳೆ ಆಗಲ್ಲ, ಹೊಟ್ಟೆ ತೊಳಸುತ್ತೆ. ಹೆಚ್ಚು ಕಾಡೋದೂ ಇದೇ ವಯಸ್ಸಿನವರನ್ನ. ತಿರುವು ಶುರುವಾಗೋ ಮೊದಲೇ ಫೋನು, ಪುಸ್ತಕ ಎರಡೂ ಒಳಗೆ ಹೋಗ್ಲಿ, ದೂರದ ಬೆಟ್ಟದ ಅಂಚು ನೋಡ್ತಾ ಕೂರ್ಲಿ. ಖಾಲಿ ಹೊಟ್ಟೆಯೂ ಬೇಡ, ಗಂಟಲವರೆಗೆ ತಿಂದದ್ದೂ ಬೇಡ. ಮಾತ್ರೆ ಕೊಡೋದಾದ್ರೆ ಡಾಕ್ಟರನ್ನ ಕೇಳಿ, ಹೊರಡೋ ಮುಂಚೆ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿಸಿದ್ರೆ ಮಾತ್ರೆಯೂ ಹೊರಗೆ ಬರುತ್ತೆ.

"ಮುಂದೆ ಕೂತ್ರೆ ವಾಂತಿ ಬರಲ್ಲ" ಅಂತ ಅವನು ಪಟ್ಟು ಹಿಡೀತಾನೆ, ನಾನೂ ಹಿಡಿದಿದ್ದೆ. 13 ತುಂಬದವರು ಹಿಂದಿನ ಸೀಟಲ್ಲೇ ಇರೋದು ಕ್ಷೇಮ. ಮುಂದಿನ ಏರ್‌ಬ್ಯಾಗು ಮಾಡಿರೋದು ದೊಡ್ಡವರ ಮೈಗೆ. ಹಿಂದೆ ನಡುವಿನ ಸೀಟಲ್ಲಿ ಭುಜದ ಬೆಲ್ಟ್ ಇದ್ರೆ ಅಲ್ಲಿ ಕೂರಿಸಿ, ಎದುರಿನ ರಸ್ತೆ ಕಾಣುತ್ತೆ. ಎತ್ತರ ಸುಮಾರು 145 ಸೆಂಟಿಮೀಟರ್ ಆಗೋವರೆಗೆ ಬೆಲ್ಟು ಕುತ್ತಿಗೆಗೆ ಬರುತ್ತೆ, ಅಲ್ಲಿವರೆಗೆ ಬೂಸ್ಟರ್ ಸೀಟು, ಅಂದ್ರೆ ಮಕ್ಕಳನ್ನ ಎತ್ತರಕ್ಕೆ ಕೂರಿಸೋ ಸೀಟು, ಬೇಕು. "ನಾನೇನು ಪಾಪುನಾ?" ಅಂತಾನೆ. ಅನ್ಲಿ.

ಅಮ್ಮನ ಅಕೌಂಟಿಂದ:

ನನಗೆ 13. ಅಮ್ಮಂಗೆ ಹೇಳೇ ಬರೀತಿದ್ದೀನಿ.

ಆಂಟಿ, ದಯವಿಟ್ಟು "ಎಲ್ಲಿಗೆ ಹೋಗ್ಬೇಕು ಹೇಳು ಪುಟ್ಟಾ" ಅಂತ ಕೇಳ್ಬೇಡಿ. ನಾವು ಹೇಳ್ತೀವಿ, ನೀವು ದೂರ ಅಂತೀರಿ. ಇನ್ನೊಂದು ಹೇಳ್ತೀವಿ, ದುಡ್ಡು ಜಾಸ್ತಿ ಅಂತೀರಿ. ಕೊನೆಗೆ ನೀವು ಮೊದಲೇ ಅಂದ್ಕೊಂಡಿದ್ದ ಜಾಗಕ್ಕೇ ಹೋಗ್ತೀವಿ. ಅದಕ್ಕಿಂತ ಕೇಳದೇ ಇರೋದು ವಾಸಿ.

ನಮ್ಮಪ್ಪ ಹೋದ ವರ್ಷ ನಂಗೆ ಒಂದು ದಿನ ಪೂರ್ತಿ ಕೊಟ್ರು. ಇಷ್ಟು ದುಡ್ಡು, ರಾತ್ರಿ ಎಂಟಕ್ಕೆ ರೂಮು, ನೀರಿಗಿಳಿದ್ರೆ ಲೈಫ್ ಜಾಕೆಟ್. ಮಿಕ್ಕಿದ್ದೆಲ್ಲ ನಂದು, ಮ್ಯಾಪ್ ನೋಡೋದೂ ನಂದು. ದ್ವೀಪಕ್ಕೆ ಹೋಗೋ ದೋಣಿ ಹುಡುಕಿದ್ದೆ, ಆದ್ರೆ ಕೊನೇ ದೋಣಿ ಎಷ್ಟೊತ್ತಿಗೆ ಅಂತ ನೋಡಿರ್ಲಿಲ್ಲ. ನಾವು ತಲುಪೋಷ್ಟರಲ್ಲಿ ಅದು ಹೋಗ್ತಾ ಇತ್ತು, ಬೆನ್ನು ಕಾಣ್ತಿತ್ತು. ಅಪ್ಪ ಏನಾದ್ರೂ ಅಂತಾರೆ ಅಂದ್ಕೊಂಡೆ. "ಈಗೇನು ಮಾಡೋಣ, ಹೇಳು" ಅಂದ್ರು ಅಷ್ಟೇ. ಕತ್ತಲಾಗೋವರೆಗೆ ಕಟ್ಟೆ ಮೇಲೆ ಕೂತು ಏಡಿ ನೋಡಿದ್ವಿ. ತಮ್ಮ ಅದನ್ನೇ ಇವತ್ತಿಗೂ ಹೇಳ್ತಾನೆ.

ಫೋಟೋ ಹಾಕೋ ಮುಂಚೆ ಕೇಳಿ, ಪ್ಲೀಸ್. ಮತ್ತೆ "ಅವನು ಚಿಕ್ಕವನು, ನೀನೇ ಬಿಟ್ಕೊಡು" ಏಳು ದಿನಕ್ಕೆ ಒಂದು ಸಲ ಮಾತ್ರ.

ಮೂವರ ಅಪ್ಪ:

ಮೇಲೆ ಬರೆದ ಮಗು, ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಮ್ಮ. ನಾನಾಗಿದ್ರೆ ಬೈದೇ ಬಿಡ್ತಿದ್ದೆ.

ದೊಡ್ಡಕ್ಕ:

ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಮಗಳಿಗೆ ಹನ್ನೆರಡು ಅಂದ್ರಿ. ಮುಟ್ಟು ಇನ್ನೂ ಶುರುವಾಗಿಲ್ಲದಿದ್ರೂ ನಾಲ್ಕು ಪ್ಯಾಡು, ಒಂದು ಜೊತೆ ಒಳಬಟ್ಟೆ, ಒಂದು ಗಾಢ ಬಣ್ಣದ ಪ್ಯಾಂಟು ಅವಳ ಬ್ಯಾಗಲ್ಲಿ ಇರ್ಲಿ. ನಿಮ್ಮ ಬ್ಯಾಗಲ್ಲಲ್ಲ, ಅವಳದ್ರಲ್ಲಿ. ಹೇಗೆ ಬಳಸೋದು ಅಂತ ಮನೇಲೇ ತೋರಿಸಿ ಹೊರಡಿ. ನನ್ನ ಮಗಳಿಗೆ ರೈಲಿನಲ್ಲಿ ಆಯ್ತು. ಸೂಟ್‌ಕೇಸು ಸೀಟಿನ ಕೆಳಗೆ, ಎಲ್ಲದಕ್ಕಿಂತ ಒಳಗೆ ಸಿಕ್ಕಿಕೊಂಡಿತ್ತು.

ನೀವು ಬಚ್ಚಲಲ್ಲಿ ಅತ್ತಿದ್ದು ಓದಿ ನನ್ನ ರಜೆಗಳೆಲ್ಲ ನೆನಪಾದ್ವು.

ಇಬ್ಬರ ಅಮ್ಮ:

ನಿನ್ನೆ ರಾತ್ರಿ ಊಟ ಆದ್ಮೇಲೆ ನಾಲ್ಕೂ ಜನ ಕೂತ್ವಿ. ಒಬ್ಬೊಬ್ಬರಿಗೆ ಒಂದು ದಿನ, ದುಡ್ಡಿನ ಮಿತಿ ಬರೆದ ಚೀಟಿ ಕೈಗೆ. ಉಳಿದ ಮೂರು ದಿನದಲ್ಲಿ ಎರಡು ಪ್ರಯಾಣಕ್ಕೆ, ಒಂದು ಖಾಲಿ. ಖಾಲಿ ದಿನ ನೋಡಿ ನಮ್ಮವರು ಎರಡು ಸಲ ಬಾಯಿ ತೆರೆದ್ರು, ನಾನು ಕಾಲು ತುಳಿದೆ.

ಮಗ ಜಾಗವನ್ನೇ ಕೇಳ್ಲಿಲ್ಲ. ಅವನಿಗೆ ರಾತ್ರಿ ರೈಲು, ಮೇಲಿನ ಬರ್ತು ಬೇಕಂತೆ. ಬೆಟ್ಟದ ರಸ್ತೆ ಹಾಗೇ ತಪ್ಪಿತು. ಮಗಳು ಚೀಟಿ ತಗೊಂಡು ರೂಮಿಗೆ ಹೋದ್ಲು, ಮುಕ್ಕಾಲು ಗಂಟೆ ಹೊರಗೆ ಬರ್ಲಿಲ್ಲ. ಮುನಿಸ್ಕೊಂಡಳೇನೋ ಅಂತ ಇಣುಕಿದ್ರೆ ನನ್ನ ಹಳೇ ಎಕ್ಸೆಲ್ ಶೀಟ್ ತೆಗೆದು ಕೂತಿದ್ದಾಳೆ. ನನ್ನ ಬಣ್ಣಗಳನ್ನೆಲ್ಲ ಅಳಿಸಿ ಹಾಕಿದ್ಲು. ಅವಳ ದಿನಕ್ಕೆ ಕಯಾಕಿಂಗ್, ಜಾಕೆಟ್ ಬಾಡಿಗೆ ಸಮೇತ ಲೆಕ್ಕ. ವಾಪಸ್ ಬರೋ ಕೊನೇ ಬಸ್ಸಿನ ಸಮಯ ದಪ್ಪ ಅಕ್ಷರದಲ್ಲಿ. ದೋಣಿ ತಪ್ಪಿದ ಕತೆ ಓದಿ ಹೇಳಿದ್ದು ಕೆಲಸ ಮಾಡಿದೆ.

ನನ್ನ ದಿನದ ಎದುರು ಅವಳೇ ತುಂಬಿದ್ಲು: "ಅಮ್ಮ. ಸೂರ್ಯೋದಯ. ನಾವಿಬ್ರೂ ಮಲಗಿರ್ತೀವಿ." ಇಬ್ಬರನ್ನೇ ರೂಮಲ್ಲಿ ಬಿಟ್ಟು ಹೋಗೋಕಾಗಲ್ಲ, ಒಬ್ಬರು ಉಳೀಬೇಕು. ನಮ್ಮವರು ಆಗ್ಲೇ ಕೈ ಎತ್ತಿದ್ದಾರೆ.